ಒಳ್ಳೆಯ ಪ್ರತಿ

ಬೆಳಗಾವಿಯ ಆಟೋ ನಗರದಲ್ಲಿ ಕಾರುಗಳಿಗೆ ಮ್ಯೂಸಿಕ್ ಸಿಸ್ಟಮ್ ಕೂರಿಸುವ ಅಯಾಜನಿಗೆ ಒಂದು ಚಟವಿತ್ತು. ಬೀಡಿಯಲ್ಲ, ಇಸ್ಪೀಟಲ್ಲ. ಅವಾಗಿದ್ದರೆ ಹೆಂಡತಿ ಜೋಹರಾ ಬೈದೋ ಅತ್ತೋ ಹೇಗೋ ದಾರಿಗೆ ತರುತ್ತಿದ್ದಳು. ಇದು ಯಾರೂ ನೋಡದ ಸಿನಿಮಾಗಳ ಒಳ್ಳೆಯ ಡಿಸ್ಕ್ ಹುಡುಕುವ ಚಟ. ಯಾವುದೋ ಹಿಮದ ದೇಶದಲ್ಲಿ ಒಬ್ಬ ಹೆಂಗಸು ಅರ್ಧ ಗಂಟೆ ಬಟ್ಟೆ ಒಣಹಾಕುತ್ತಾಳಂತೆ, ಅಂಥ ಚಿತ್ರ. ಅದನ್ನು ಒಮ್ಮೆ ನೋಡಿ ಸುಮ್ಮನಾಗುವ ಪೈಕಿಯೂ ಅಲ್ಲ ಆಸಾಮಿ. ಜಪಾನಿನವರು ಬಿಟ್ಟ ಡಿಸ್ಕ್ ಬೇರೆ, ಇಂಗ್ಲೆಂಡಿನವರು ಬಿಟ್ಟದ್ದು ಬೇರೆ, ಎರಡನ್ನೂ ತರಿಸಬೇಕು. ತರಿಸಿಕೊಂಡು, ಒಂದರಲ್ಲಿ ಆಕಾಶ ಹಸಿರಾಗಿದೆ, ಇನ್ನೊಂದರಲ್ಲಿ ಅಂಚಿಗೆ ನಿಂತವನ ಭುಜ ಕತ್ತರಿಸಿ ಹೋಗಿದೆ ಎಂದು ದಿನಗಟ್ಟಲೆ ಮುಖ ಗಂಟು ಹಾಕಿಕೊಳ್ಳಬೇಕು. ಬಟ್ಟೆ ಒಣಹಾಕುವುದನ್ನೇ ನೋಡಬೇಕಿದ್ದರೆ ಮಾಳಿಗೆಗೆ ಬಾ, ಪುಕ್ಕಟೆ ತೋರಿಸುತ್ತೇನೆ ಎಂದು ಜೋಹರಾ ತನ್ನ ದಖನಿ ಉರ್ದುವಿನಲ್ಲಿ ಕರೆಯುತ್ತಿದ್ದಳು.

ಖಡೇಬಜಾರದ ಸಿಡಿ ಅಂಗಡಿಗಳೆಲ್ಲ ಮೊಬೈಲ್ ಕವರಿನ ಅಂಗಡಿಗಳಾಗಿ ವರ್ಷಗಳೇ ಕಳೆದಿದ್ದವು. ಹೀಗಾಗಿ ಅವನ ಹುಡುಕಾಟವೆಲ್ಲ ಫೋನಿನಲ್ಲೇ. ಹಾಗೆ ಹುಡುಕುವಾಗ ಒಂದು ದಿನ ಫ್ರಾನ್ಸಿನ ಸಣ್ಣ ಕಂಪನಿಯೊಂದರ ಪ್ರಕಟಣೆ ಕಣ್ಣಿಗೆ ಬಿತ್ತು. ಅವರು ಹಳೆಯ ಕನ್ನಡ ಚಿತ್ರವೊಂದನ್ನು ತೊಳೆದು ತಿದ್ದಿ ಬ್ಲೂ-ರೇ ಡಿಸ್ಕಾಗಿ ತರುವವರಿದ್ದರು. ಚಿತ್ರದ ಹೆಸರು ‘ಇದ್ದಿಲ ಹೊಗೆ’. ಕಣಕುಂಬಿಯ ಕಾಡಿನಲ್ಲಿ ಇದ್ದಿಲು ಸುಡುವವನೊಬ್ಬನ ಕತೆ. ಹೊರದೇಶದಲ್ಲಿ ಒಂದು ಬಹುಮಾನ ಬಂದಿತ್ತು, ಬೆಂಗಳೂರಿನಲ್ಲಿ ನಾಲ್ಕು ದಿನ ಓಡಿತ್ತು, ಆಮೇಲೆ ಹೇಳಹೆಸರಿಲ್ಲ. ನಾಯಕ ಪಾತ್ರ ಮಾಡಿದವನು ಬೆಳಗಾವಿಯ ಫೌಂಡ್ರಿಯೊಂದರ ಕೆಲಸಗಾರನೆಂದೂ ಆತ ಈಗ ಎಲ್ಲಿದ್ದಾನೋ ಗೊತ್ತಿಲ್ಲವೆಂದೂ ಬರೆದಿದ್ದರು.

ಅಯಾಜ ಕೂತಲ್ಲಿಂದ ಎದ್ದು ನಿಂತ. ಫೌಂಡ್ರಿಯೆಂದರೆ ಉದ್ಯಮಬಾಗ. ದಿನಾ ಅಲ್ಲಿಂದ ಗಾಡಿಗಳು ಅವನಲ್ಲಿಗೆ ಬರುತ್ತಿದ್ದವು. ನಾಲ್ಕಾರು ಚಹದಂಗಡಿಗಳಲ್ಲಿ ವಿಚಾರಿಸಿದ್ದೇ ತಡ, ಹಳೆಯ ಕೆಲಸಗಾರನೊಬ್ಬ ಬಿದ್ದು ಬಿದ್ದು ನಕ್ಕ. “ಹೀರೋ ಉಳವಪ್ಪನ ಹುಡುಕಾಕತ್ತೀರೇನ? ಅಂವಾ ಖಾನಾಪುರದಾಗ ಮಗಳ ಮನ್ಯಾಗ ಅದಾನ. ಹೋಗ್ರಿ, ಆಟೋಗ್ರಾಫ್ ತಗೋರಿ.”

ಖಾನಾಪುರದಲ್ಲೂ ಅದೇ ಹೆಸರು. ಬಾಜು ಮನೆಯ ಮರಾಠಿ ಮುದುಕ ಕಟ್ಟೆಯ ಮೇಲಿಂದಲೇ “ಕಾಯ್ ಹೀರೋ, ಬರಂ ಆಹೇ ನಾ?” ಎಂದು ಕ್ಷೇಮ ವಿಚಾರಿಸುವುದು, ಉಳವಪ್ಪ ಕೈ ಎತ್ತುವುದು, ಇದು ದಿನದ ನೇಮ. ಎಪ್ಪತ್ತರ ಹತ್ತಿರದ ಮನುಷ್ಯ, ಹಣೆ ತುಂಬ ವಿಭೂತಿ. ಅಯಾಜ ಚಿತ್ರದ ಹೆಸರೆತ್ತಿದಾಗ ಇವನೂ ಚೇಷ್ಟೆಗೆ ಬಂದವನೆಂದೇ ಅವನು ಮೊದಲು ತಿಳಿದ. ಫೋನಿನಲ್ಲಿ ಪ್ರಕಟಣೆ ತೋರಿಸಿದ ಮೇಲೆ ಮಾತ್ರ ಪಕ್ಕಕ್ಕೆ ಸರಿದು ಜಾಗ ಕೊಟ್ಟ.

“ಕುಂದರ್ರಿ. ಖರೇ ಹೇಳತೀನಿ, ನಾ ಆ ಪಿಚ್ಚರ್ ನೋಡಿಲ್ಲ.”

ಅಯಾಜನಿಗೆ ನಂಬಲಾಗಲಿಲ್ಲ. ಆದರೆ ಸಂಗತಿ ಅಷ್ಟೇ ಸರಳವಾಗಿತ್ತು. ಬೆಂಗಳೂರಿನಲ್ಲಿ ಚಿತ್ರ ಓಡಿದ ವಾರ ಫೌಂಡ್ರಿಯಲ್ಲಿ ರಜೆ ಕೊಡಲಿಲ್ಲ. ಬೆಳಗಾವಿಗೆ ಅದು ಬರಲೇ ಇಲ್ಲ. ಮುಂದೆ ಒಂದು ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ಬಂತು. ಓಣಿಯ ಜನವೆಲ್ಲ ಸೇರಿ ಕೂತಿತ್ತು, ಹೆಂಡತಿ ಕಾಶವ್ವ ಚುರುಮುರಿ ಹಚ್ಚಿದ್ದಳು. ಚಿತ್ರ ಶುರುವಾಗುವಷ್ಟರಲ್ಲಿ ಮಳೆಗೆ ಎಲ್ಲೋ ಮರ ಬಿದ್ದು ಕರೆಂಟ್ ಹೋಯಿತು. ಬಂದದ್ದು ಸಂಜೆಗೆ. ಅಂದಿನಿಂದ ಓಣಿಗೆ ಅನುಮಾನ ಹತ್ತಿತು: ಇವನು ಹೀರೋ ಆಗಿದ್ದು ಹೌದೋ, ಬರೀ ಶೂಟಿಂಗ್ ಗಾಡಿಯಿಂದ ಸಾಮಾನು ಇಳಿಸಿದ್ದೋ? ಕಾಶವ್ವ ಜನರೆದುರು ಗಂಡನ ಪರ ಜಗಳಾಡಿದಳು, ಮನೆಯೊಳಗೆ ಮಾತ್ರ ಏನೂ ಹೇಳಲಿಲ್ಲ. ಅವಳು ತೀರಿಕೊಂಡು ಆರು ವರ್ಷವಾಗಿತ್ತು.

“ಒಮ್ಮೆ ನನ್ನ ಮಾರಿ ನಾ ನೋಡಬೇಕ್ರಿ,” ಎಂದ ಉಳವಪ್ಪ. “ಮಂದಿ ಅಂದು ಅಂದು ನನಗೂ ಸಂಶೇ ಬಂದೈತಿ.”

ಆ ಮಾತಿಗೆ ಅಯಾಜ ಕರಗಿ ನೀರಾದ. ಇಷ್ಟು ವರ್ಷ ತನ್ನ ಚಟಕ್ಕೆ ಅರ್ಥವಿಲ್ಲವೆಂದು ಜೋಹರಾ ಹೇಳುತ್ತಿದ್ದಳಲ್ಲ, ಇಗೋ ಅರ್ಥ ಇಲ್ಲಿ ಖಾನಾಪುರದ ಕಟ್ಟೆಯ ಮೇಲೆ ಕೂತಿದೆ ಎನಿಸಿತು. ನಾನು ತೋರಿಸುತ್ತೇನೆ ಎಂದು ಮಾತು ಕೊಟ್ಟ. ಅವತ್ತಿನಿಂದ ಉಳವಪ್ಪ ಅವನಿಗೆ ಕಾಕಾ ಆದ.

ಬ್ಲೂ-ರೇ ಬರುವುದು ತಡವಿತ್ತು. ಅಷ್ಟರಲ್ಲಿ ಅವನ ಹುಡುಕಾಟಕ್ಕೆ ಇನ್ನೊಂದು ಪ್ರತಿ ಸಿಕ್ಕಿತು. ಧಾರವಾಡದ ಒಬ್ಬರು ಅಂದಿನ ಟಿವಿ ಪ್ರಸಾರವನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡಿದ್ದರು. ಅದನ್ನೇ ಪೆನ್‌ಡ್ರೈವಿಗೆ ಹಾಕಿ ಕಳಿಸಿದರು. ಅಯಾಜ ಹಚ್ಚಿ ನೋಡಿದ. ಚಿತ್ರ ಕುಣಿಯುತ್ತಿತ್ತು, ಕೆಳಗಿನ ಅರ್ಧ ಆಗಾಗ ಹರಿದು ಪಕ್ಕಕ್ಕೆ ಹೋಗುತ್ತಿತ್ತು, ಕಾಡೆಲ್ಲ ಕಂದು ಕೆಸರಾಗಿತ್ತು. ಇದ್ದಿಲ ಭಟ್ಟಿಯ ಮುಂದೆ ಒಬ್ಬ ಎತ್ತರದ ಆಳು ನಿಂತಿದ್ದ, ಅವನ ಮುಖ ಕಲಸಿಟ್ಟ ಹಿಟ್ಟಿನ ಹಾಗೆ. ಮೊದಲ ಹತ್ತು ನಿಮಿಷ ಯಾರೂ ಬಾಯಿ ಬಿಡುವುದಿಲ್ಲ, ಕಲಾತ್ಮಕ ಚಿತ್ರ ನೋಡಿ! ಅಷ್ಟಕ್ಕೇ ಅಯಾಜ ಹಲ್ಲು ಕಡಿದು ಬಂದ್ ಮಾಡಿದ. ಇದನ್ನು ತೋರಿಸುವುದೆಂದರೆ ಆ ಮನುಷ್ಯನಿಗೆ ಅವಮಾನ ಮಾಡಿದಂತೆ ಎಂದು ಅವನಿಗೆ ಪ್ರಾಮಾಣಿಕವಾಗಿಯೇ ಅನಿಸಿತು. ಮುಚ್ಚಿಡಲಿಲ್ಲ ಮಾತ್ರ. ಖಾನಾಪುರಕ್ಕೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದ.

“ಮಾರಿ ಕಾಣತೈತೇನ?” ಉಳವಪ್ಪ ಕೇಳಿದ.

“ಕಾಣತೈತ್ರಿ ಕಾಕಾ, ಆದ್ರ ಮೂಗು ಯಾವುದು ಬಾಯಿ ಯಾವುದು ತಿಳಿಯಂಗಿಲ್ಲ. ಒಮ್ಮೆ ಅದನ್ನ ನೋಡಿದ್ರ ತಲ್ಯಾಗ ಅದ ಉಳೀತೈತಿ. ಇಷ್ಟು ವರ್ಷ ಕಾದೀರಿ, ಇನ್ನೊಂದೀಟು ಕಾಯ್ರಿ. ಹೊಸಾದು ಬಂದ್ರ ಕೂದಲಾ ಎಣಿಸಬಹುದು.”

ಮಗಳು ನಾಗರತ್ನಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅಂಗನವಾಡಿಯಲ್ಲಿ ಕೆಲಸ, ಮಕ್ಕಳ ಜೊತೆ ಮಾತಾಡಿ ಮಾತಾಡಿ ನೇರ ಮಾತಿನ ರೂಢಿ. “ಕೆಟ್ಟಿದ್ರ ಕೆಟ್ಟಿರ್ಲಿ, ತೋರಸ್ರಿ ಭಾಯ್. ಅಪ್ಪಗ ಕಣ್ಣಾಗ ಪ್ರೆಶರ್ ಐತಿ, ಹೋದ ದೃಷ್ಟಿ ತಿರುಗಿ ಬರಂಗಿಲ್ಲ ಅಂತ ಡಾಕ್ಟರ್ ಹೇಳ್ಯಾರ. ದಿನಾ ಎಣ್ಣಿ ಬಿಟ್ಟಂಗ ಔಷಧಾ ಬಿಡಾಕತ್ತೀನಿ.”

“ಏ, ಸುಮ್ಮನಿರ,” ಉಳವಪ್ಪ ಗದರಿದ. “ಅಯಾಜ ಈ ಕಸಬಿನಾಗ ಪಂಟರ್ ಅದಾನ. ಅಂವಾ ಬ್ಯಾಡ ಅಂದ ಮ್ಯಾಲ ಮುಗೀತು. ನನಗ ಮಸಕ ಮಾರಿ ಬ್ಯಾಡ.”

ಅಯಾಜನಿಗೆ ಆ ಹೊಗಳಿಕೆ ತಲೆಗೇರಿತು. ಉಳವಪ್ಪ ಮಾತಾಡುವಾಗ ಕೋಳಿಯ ಹಾಗೆ ಕತ್ತು ತಿರುಗಿಸಿ ತಿರುಗಿಸಿ ನೋಡುವುದನ್ನು ಅವನು ಕಂಡಿದ್ದ. ಒಂದು ಟಿವಿಯ ಬಣ್ಣ ಕೂದಲೆಳೆ ಹೆಚ್ಚುಕಡಿಮೆಯಾದರೆ ಹಿಡಿಯುವವನಿಗೆ, ಒಬ್ಬ ಮನುಷ್ಯ ತನ್ನ ಬದಿಗೆ ಇಟ್ಟ ಚಹದ ಕಪ್ಪನ್ನು ತಡವರಿಸಿ ಹುಡುಕುವುದು ಏನೆಂದು ಅರ್ಥವಾಗಲಿಲ್ಲ. ಆ ಪಾಪಕ್ಕೆ ಏನೆನ್ನಬೇಕೋ ನನಗೆ ತಿಳಿಯದು.

ಫ್ರಾನ್ಸಿನವರು ದೀಪಾವಳಿಗೆ ಎಂದವರು ಯುಗಾದಿಗೆ ಎಂದರು. ನಿರ್ಮಾಪಕರ ಮಕ್ಕಳು ಹಕ್ಕಿನ ತಕರಾರು ತೆಗೆದರು. ಆಮೇಲೆ ಒಂದು ರೀಲಿನ ಬಣ್ಣ ಸರಿಬರಲಿಲ್ಲವೆಂದರು. ಬಣ್ಣದ ಮಾತು ಬಂದಾಗ ಅಯಾಜ ಸಿಟ್ಟಾಗಲಿಲ್ಲ, ಬದಲಿಗೆ ಮೆಚ್ಚಿದ. ಖಾನಾಪುರಕ್ಕೆ ಹೋಗಿ, ಎಷ್ಟು ಶ್ರದ್ಧೆಯಿಂದ ಮಾಡುತ್ತಿದ್ದಾರೆ ನೋಡಿ ಎಂದು ವಿವರಿಸಿದ. ಉಳವಪ್ಪ ಹೌದೆಂದು ತಲೆಯಾಡಿಸಿದ. ಹೀಗೇ ಎರಡು ಮಳೆಗಾಲ ಕಳೆದವು.

ಮೂರನೆಯ ಮಳೆಗಾಲಕ್ಕೆ ಮೊದಲು ನಾಗರತ್ನಾಳ ಫೋನ್ ಬಂತು. ಬೆಳಗಾವಿಯ ಕಣ್ಣಿನ ದವಾಖಾನೆಯಲ್ಲಿದ್ದರು. ಅಯಾಜ ಕೈಯಲ್ಲಿದ್ದ ವೈರು ಬಿಟ್ಟು ಓಡಿದ. ಬೆಂಚಿನ ಮೇಲೆ ಉಳವಪ್ಪ ನೆಟ್ಟಗೆ ಕೂತಿದ್ದ, ಬಸ್ಸಿಗೆ ಕಾಯುವವನಂತೆ. ಬದಿಗಳಿಂದ ಕತ್ತಲು ಕವಿಯುತ್ತ ಬಂದು ಈಗ ನಡುವೆ ಉಳಿದಿದ್ದ ಚೂರೂ ಮುಚ್ಚಿಹೋಗಿತ್ತು. ಹೋದದ್ದು ವಾಪಸು ಬರುವುದಿಲ್ಲವೆಂದು ಡಾಕ್ಟರು ಮೊದಲೇ ಹೇಳಿದ್ದರಂತೆ. ಮಗಳು ಅದನ್ನು ಅಯಾಜನಿಗೂ ಹೇಳಿದ್ದಳು, ಅವನ ಕಿವಿಗೆ ಬಿದ್ದಿರಲಿಲ್ಲ ಅಷ್ಟೇ.

“ಅಯಾಜ ಬಂದಾನೇನ?” ಉಳವಪ್ಪ ಹೆಜ್ಜೆ ಸಪ್ಪಳಕ್ಕೇ ಕೇಳಿದ. “ಪಿಚ್ಚರ್ ಬಂತೇನಪಾ?”

“ಇನ್ನೂ ಇಲ್ರಿ ಕಾಕಾ.”

ನಾಗರತ್ನಾ ಅವನತ್ತ ನೋಡಲಿಲ್ಲ. ಒಂದು ಬೈಗುಳ ಬೈದಿದ್ದರೂ ಅವನು ಹಗುರಾಗುತ್ತಿದ್ದ. ಅವಳು ಚಪ್ಪಲಿ ಹುಡುಕಿ ತಂದೆಯ ಕಾಲಿಗೆ ಸಿಕ್ಕಿಸಿದಳು.

ಡಿಸ್ಕ್ ಬಂದದ್ದು ಆ ವರ್ಷದ ಚಳಿಗಾಲಕ್ಕೆ. ಗಟ್ಟಿ ರಟ್ಟಿನ ಪೆಟ್ಟಿಗೆ, ಮೇಲೆ ಹೊಗೆಯೊಳಗೆ ನಿಂತವನ ಬೆನ್ನು. ಅಯಾಜ ಅದನ್ನು ಕಪಾಟಿನಲ್ಲಿಟ್ಟ, ತೆರೆಯಲೂ ಇಲ್ಲ, ಖಾನಾಪುರಕ್ಕೆ ತಿಳಿಸಲೂ ಇಲ್ಲ. ಕಡೆಗೆ ಜೋಹರಾಳೇ ಛೀಮಾರಿ ಹಾಕಿದಳು. ಮನುಷ್ಯನಿಗೆ ಕಿವಿಯಿದೆಯಲ್ಲ, ಅದೂ ಹೋಗುವ ತನಕ ಕಾಯುತ್ತೀಯಾ ಎಂದಳು.

ಅಯಾಜ ತನ್ನದೇ ಪ್ಲೇಯರು, ದೊಡ್ಡ ಟಿವಿ, ಅಂಗಡಿಯ ಅತ್ಯುತ್ತಮ ಸ್ಪೀಕರುಗಳನ್ನು ಗಾಡಿಯಲ್ಲಿ ಹೇರಿಕೊಂಡು ಹೋದ. ಉಳವಪ್ಪ ಜಳಕ ಮಾಡಿ, ಇಸ್ತ್ರಿಯ ಅಂಗಿ ತೊಟ್ಟು ಕಾಯುತ್ತಿದ್ದ. ಅವನ ಹುರುಪು ನೋಡಿ ಅಯಾಜನಿಗೂ ಜೀವ ಬಂತು.

“ಮಾರಿ ಹೋತು, ಹೋಗ್ಲಿ ಬಿಡ,” ಎಂದ ಉಳವಪ್ಪ. “ಮಾತು ಐತೆಲ್ಲ! ಭಟ್ಟಿ ಮುಂದ ಕುಂತು ನಾ ಒಬ್ಬನ ಮಾತಾಡತೀನಿ. ಒಂದ ಪುಟ ಇತ್ತು ಮಾತು. ಬೆತ್ತಕ್ಕ ದೊಡ್ಡ ಮೈಕ್ ಕಟ್ಟಿ ಹಿಡದಿದ್ರು. ಮುಗಿದ ಮ್ಯಾಲ ಡೈರೆಕ್ಟರ್ ಕಣ್ಣಾಗ ನೀರು. ಆ ಮಾತು ಕೇಳಿದ್ರ ನನಗ ಸಾಕು.”

ಅಯಾಜ ಹಚ್ಚಿದ. ಅವನು ಕನಸಿನಲ್ಲಿ ಎಣಿಸಿದ್ದಕ್ಕಿಂತ ಚೆನ್ನಾಗಿತ್ತು. ಕಣಕುಂಬಿಯ ಎಲೆ ಎಲೆಯೂ ಬೇರೆ ಬೇರೆ ಹಸಿರು, ಹೊಗೆ ನೀಲಿಗೆ ತಿರುಗಿ ಮರಗಳ ನಡುವೆ ಏರುತ್ತಿತ್ತು. ಸ್ಪೀಕರುಗಳಿಂದ ಕಟ್ಟಿಗೆ ಚಟಪಟ ಎಂದಿತು. ಉಳವಪ್ಪ ಮುಂದಕ್ಕೆ ಬಾಗಿ ಕಿವಿಗೆ ಅಂಗೈ ಒಡ್ಡಿದ. ಭಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತ ಆಳು ಕ್ಯಾಮರಾದತ್ತ ತಿರುಗಿದ. ಎಡಹುಬ್ಬಿನ ಮೇಲೆ ಫೌಂಡ್ರಿಯ ಕಿಡಿ ಸಿಡಿದ ಕಲೆ ಸಹ ನಿಚ್ಚಳವಾಗಿ ಕಾಣುತ್ತಿತ್ತು. ನಾಗರತ್ನಾ ಉಸಿರು ಎಳೆದುಕೊಂಡದ್ದು ಅಯಾಜನಿಗೆ ಕೇಳಿಸಿತು. ಆಮೇಲೆ ಆ ಆಳು ಬಾಯಿ ತೆರೆದು ಮಾತಾಡಿದ.

ಧ್ವನಿ ಉಳವಪ್ಪನದಲ್ಲ. ಬೇರೆ ಯಾರದೋ ನುರಿತ, ದಪ್ಪ ಗಂಟಲು. ನಮ್ಮ ಕಡೆಯ ಮಾತನ್ನು ಕಲಿತು ಆಡುತ್ತಿತ್ತು, ಐತಿ ಎನ್ನಬೇಕಾದಲ್ಲಿ ಐತಿ ಎಂದೇ ಅನ್ನುತ್ತಿತ್ತು, ಆದರೆ ಕೊನೆಯ ಇಕಾರವನ್ನು ನಾಟಕದವರ ಹಾಗೆ ಎಳೆಯುತ್ತಿತ್ತು. ಸ್ಪೀಕರುಗಳು ಒಳ್ಳೆಯವು. ಒಂದು ಅಕ್ಷರವೂ ಮಸುಕಾಗಲಿಲ್ಲ.

“ಯಾರಂವಾ?” ಎಂದ ಉಳವಪ್ಪ.

ಅಯಾಜ ಅವನ ಬದಿಗೆ ಸರಿದ. “ಆಗಿನ ಕಾಲದಾಗ ಮಾತು ಆಮ್ಯಾಲ ಸ್ಟುಡಿಯೋದಾಗ ಕೂಡಸ್ತಿದ್ರು ಕಾಕಾ. ನಿಮ್ಮನ್ನ ಅಲ್ಲಿಗಂಟ ಕರಸೂದು ಬಿಟ್ಟು, ಅಲ್ಲೇ ಯಾರನ್ನೋ...”

ಉಳವಪ್ಪ ಅಂಗೈಯನ್ನು ಕಿವಿಯಿಂದ ಇಳಿಸಲಿಲ್ಲ. ಮಾತು ಒಂದು ಪುಟವಿದ್ದದ್ದು ನಿಜ. ಬಹಳ ಹೊತ್ತು ನಡೆಯಿತು. ಅವನ ತುಟಿಗಳು ಆ ಗಂಟಲಿಗಿಂತ ಒಂದು ಗಳಿಗೆ ಮುಂದಾಗಿ ಅದೇ ಮಾತುಗಳನ್ನು ಆಡುತ್ತಿದ್ದವು, ಸದ್ದಿಲ್ಲದೆ. ನಡುವೆ ಎಲ್ಲೋ ಅವು ನಿಂತವು.

“ಅಯಾಜ, ಮಾರಿಯಾದ್ರೂ ನಂದ ಐತೇನ?”

“ನಿಮ್ದ ಐತ್ರಿ ಕಾಕಾ. ಹುಬ್ಬಿನ ಮ್ಯಾಲಿನ ಕಲಿನೂ ಕಾಣತೈತಿ. ದೇವರಾಣಿ ನಿಮ್ದ.”

“ನಾಗೂ, ನೀ ಹೇಳ.”

“ನೀನ ಅದಿ, ಅಪ್ಪಾ.” ಅವಳ ಗಂಟಲು ಕಟ್ಟಿತ್ತು. ತಂದೆಯನ್ನು ಮೂವತ್ತರ ಒಳಗಿನ ಹುಡುಗನಾಗಿ ಅವಳು ನೋಡುತ್ತಿದ್ದದ್ದು ಅದೇ ಮೊದಲು. ಆದರೆ ಕಟ್ಟಿದ ಗಂಟಲಿಗೆ ಕಾರಣ ಕಾಣದವನಿಗೆ ಅದು ಮರುಕವಾಗಿಯೇ ಕೇಳಿರಬೇಕು.

“ನಿಮ್ಮವ್ವನೂ ಸಾಯೂ ಮುಂದ ಹಿಂಗ ಅಂದಿದ್ಲು,” ಎಂದ ಉಳವಪ್ಪ. “ನೀವ ಹೀರೋ ಇದ್ರಿ, ನಾ ನಂಬೀನಿ ಅಂತ. ಆಕೀನೂ ಏನು ಕಂಡಿದ್ಲು, ಪಾಪ.” ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡ. “ಬಂದ್ ಮಾಡಪಾ. ಬ್ಯಾರೆ ಮಂದಿ ಪಿಚ್ಚರ್ ಇದು.”

ಅಯಾಜ ರಿಮೋಟ್ ಎತ್ತಿದ. ತನ್ನ ಕಣ್ಣು ಇಷ್ಟು ಚುರುಕಾಗಿರುವುದಕ್ಕೆ ಅವನಿಗೆ ಮೊದಲ ಸಲ ನಾಚಿಕೆಯಾಯಿತು. ಬಂದ್ ಮಾಡಬೇಕೆನ್ನುವಷ್ಟರಲ್ಲಿ ನಾಗರತ್ನಾ ಅವನ ಕೈ ಹಿಡಿದಳು. ಪರದೆಯಿಂದ ಕಣ್ಣು ಕೀಳದೆ, ಬೇಡವೆಂದು ತಲೆಯಾಡಿಸಿದಳು. ಅವನು ಧ್ವನಿಯನ್ನು ಮಾತ್ರ ತೆಗೆದ.

ಕೋಣೆ ನಿಶ್ಶಬ್ದವಾಯಿತು. ಉಳವಪ್ಪ ಪರದೆಗೆ ಎದುರಾಗಿಯೇ ಕೂತಿದ್ದ. ಪರದೆಯೊಳಗೆ, ಬೆಂಕಿಯ ಬೆಳಕು ಬಿದ್ದ ಅವನ ಹರೆಯದ ಮುಖ ಯಾರಲ್ಲೋ ಏನನ್ನೋ ಬೇಡಿಕೊಳ್ಳುತ್ತಿತ್ತು.

“ಬಂದ್ ಆತೇನ?” ಉಳವಪ್ಪ ಕೇಳಿದ.

“ಆತ್ರಿ ಕಾಕಾ,” ಎಂದ ಅಯಾಜ.