ಸಲೂನಿನ ಗೋಡೆ ಮೇಲೆ ಒಂಟಿ ಮರದ ಬೆಟ್ಟ

ಒಂದ್ನಿಮಿಷ, ಎಲ್ಲೂ ಹೋಗ್ಬೇಡಿ, ಇದನ್ನ ಪೂರ್ತಿ ಕೇಳಿಬಿಡಿ. ಮಧ್ಯದಲ್ಲಿ ಎದ್ದು ಹೋದ್ರೆ ಬೆಟ್ಟ ಯಾವುದು, ಕಾಡು ಯಾವುದು ಅಂತ ಗೊತ್ತಾಗದೆ ತಲೆ ಕೆರ್ಕೋಬೇಕಾಗುತ್ತೆ. ತಲೆ ವಿಷಯ ಈ ಕಥೇಲಿ ಮೊದಲೇ ಜಾಸ್ತಿ ಇದೆ.

ಪಟಪಟಿ ಅಂತ ಒಬ್ಬಳು. ಮಾತೂ ಪಟಪಟ, ಫೋಟೋ ತೆಗೆಯೋದೂ ಪಟಪಟ, ಅದಕ್ಕೇ ಅವಳ ಅಜ್ಜಿ ಇಟ್ಟ ಹೆಸರು. ಅವಳ ಹತ್ರ ದೊಡ್ಡ ಕ್ಯಾಮರಾ ಏನಿಲ್ಲ, ಮೂಲೆ ಒಡೆದ ಒಂದು ಫೋನು, ಅಷ್ಟೇ. ಆದ್ರೆ ತಲೇಲಿ ಐಡಿಯಾ ಮಾತ್ರ ಕುದಿಯೋ ಹಾಲಿನ ಥರ ಉಕ್ತಾನೇ ಇರುತ್ತೆ. ಫೋನಿನ ಲೆನ್ಸ್ ಮೇಲೆ ಒಂದು ಹನಿ ನೀರು ಇಟ್ರೆ ಸಾಕು, ಇರುವೆ ಆನೆ ಆಗುತ್ತೆ ಅನ್ನೋದನ್ನ ಕಂಡುಹಿಡಿದ ದಿನದಿಂದ ಮನೇಲಿ ಒಂದು ಸೊಳ್ಳೇನೂ ನೆಮ್ಮದಿಯಾಗಿ ಕೂತಿಲ್ಲ.

ಅವಳು ಆನ್‌ಲೈನಲ್ಲಿ ಸೇರ್ಕೊಂಡಿದ್ದ ಫೋಟೋ ಹುಚ್ಚರ ಬಳಗದವರು ಒಂದು ಸ್ಪರ್ಧೆ ಇಟ್ರು. "ಹೊಸ್ತಿಲು ದಾಟದೆ ಪ್ರವಾಸ." ಅಂದ್ರೆ ಮನೆಯೊಳಗಿರೋ ಸಾಮಾನಿನಿಂದಾನೇ ಬೆಟ್ಟ, ಕಾಡು, ಸಮುದ್ರ ಅನ್ನಿಸೋ ಥರ ಫೋಟೋ ತೆಗೆದು ಒಂದು ಆಲ್ಬಂ ಮಾಡಿ ಲಿಂಕ್ ಕಳಿಸ್ಬೇಕು. ಗೆದ್ದೋರ ಫೋಟೋ ಬಳಗದ ಮುಖಪುಟಕ್ಕೆ. ಪಟಪಟಿಗೆ ಆ ಮುಖಪುಟದ ಮೇಲೆ ಒಂದು ವರ್ಷದಿಂದ ಕಣ್ಣು.

ಸರಿ, ಶುರು ಮಾಡಿದ್ಲು. ಮುದುರಿದ ಬೆಡ್‌ಶೀಟಿನ ಮೇಲೆ ಓರೆಯಾಗಿ ಟಾರ್ಚ್ ಬಿಟ್ರೆ ಮರುಭೂಮಿ. ಬಕೆಟ್ಟಿನ ಸೋಪಿನ ನೊರೆ ಹಿಮಪರ್ವತ. ಪೊರಕೆಯನ್ನ ತಲೆಕೆಳಗೆ ನಿಲ್ಲಿಸಿ ತಗ್ಗಿಂದ ತೆಗೆದ್ರೆ ಹುಲ್ಲುಗಾವಲು. ಎಲ್ಲಾ ಬಂತು, ಒಂದು ಒಳ್ಳೆ ಬೆಟ್ಟ ಮಾತ್ರ ಬರ್ಲಿಲ್ಲ. ಎಲೆಕೋಸು ಇಟ್ಟು ನೋಡಿದ್ಲು, ಎಲೆಕೋಸಿನ ಥರಾನೇ ಕಾಣ್ತು. ಸೋತು ಸುಣ್ಣವಾಗಿ ಹಾಲಿಗೆ ಬಂದ್ರೆ, ಕಿಟಕಿ ಪಕ್ಕ ಚಾಪೆ ಮೇಲೆ ಚಿಕ್ಕಪ್ಪ ಗೊರಕೆ ಹೊಡೀತಾ ಮಲಗಿದ್ದ.

ಇಲ್ಲಿ ಚಿಕ್ಕಪ್ಪನ ವಿಷಯ ಹೇಳ್ಲೇಬೇಕು. ಬೀದಿ ತುದೀಲಿ ಅವನ ಸಲೂನು. ಎರಡು ಕುರ್ಚಿ, ಉದ್ದಕ್ಕೊಂದು ಕನ್ನಡಿ. ಅವನ ತಲೆ ಮೇಲಿನ ಕೂದಲು ಎಂಥದ್ದು ಅಂತೀರಿ! ಕಪ್ಪಗೆ, ದಟ್ಟಗೆ, ಅಲೆ ಅಲೆಯಾಗಿ. ಬಂದೋರು "ಈ ವಯಸ್ಸಲ್ಲೂ ಹೇಗಪ್ಪಾ ಇಷ್ಟು?" ಅಂತ ಬಾಯಿ ಬಿಟ್ರೆ, "ಎಲ್ಲಾ ಈ ಕೈ ಮಸಾಜಿನ ಮಹಿಮೆ" ಅಂತ ಹತ್ತೂ ಬೆರಳು ಆಡಿಸಿ ತೋರಿಸ್ತಾನೆ. ಆ ಮಸಾಜಿಗೆ ಅಂತಾನೇ ಆಚೆ ಬೀದಿಯಿಂದಾನೂ ಜನ ಬರ್ತಾರೆ.

ಅದು ವಿಗ್ಗು.

ಮನೆಗೆ ಬಂದು ಚಪ್ಪಲಿ ಬಿಡೋಕೂ ಮುಂಚೆ ಅದನ್ನ ತೆಗೆದು ಫ್ಲಾಸ್ಕಿನ ಮೇಲೆ ಕೂರಿಸ್ತಾನೆ. ಅದರ ಕೆಳಗಿರೋದು ಉಜ್ಜಿ ತೊಳೆದ ಪಾತ್ರೆಯಂಥ ಬೋಳು ತಲೆ, ನೆತ್ತಿ ಮೇಲೆ ಒಂದೇ ಒಂದು ಕೂದಲು. ಅದನ್ನ ಮಾತ್ರ ಕತ್ತರಿಸಲ್ಲ. "ಬೀಜಕ್ಕೆ ಇರ್ಲಿ" ಅಂತಾನೆ. ಈ ಗುಟ್ಟು ಗೊತ್ತಿರೋದು ಅಜ್ಜಿಗೆ, ಪಟಪಟಿಗೆ ಮಾತ್ರ. ಆಚೆ ಬಿತ್ತೋ, ಮಸಾಜಿನ ಮಹಿಮೆ ಮಣ್ಣುಪಾಲು, ಸಲೂನಿಗೆ ಬೀಗ.

ಆ ಮಧ್ಯಾಹ್ನ ಕಿಟಕಿ ಬಿಸಿಲು ನೇರ ಆ ನೆತ್ತಿ ಹಿಂದೆ ಬಿದ್ದಿತ್ತು. ಫ್ಯಾನಿನ ಗಾಳಿಗೆ ಆ ಒಂಟಿ ಕೂದಲು ಮೆಲ್ಲಗೆ ಬಾಗ್ತಿತ್ತು. ಪಟಪಟಿ ಮೊಣಕಾಲೂರಿ ಹತ್ರ ಬಗ್ಗಿದ್ಲು. ದೂರದ ಬೆಟ್ಟ ನುಣ್ಣಗೆ ಅಂತಾರೆ, ಇದು ಹತ್ರ ಹೋದಷ್ಟೂ ನುಣ್ಣಗೆ! ಓಡಿ ಹೋಗಿ ಕಾಫಿ ಲೋಟ ತಂದು ಪಕ್ಕದಲ್ಲಿಟ್ಲು, ಹಬೆ ಮಂಜಾಯ್ತು. ಚಾಕೊಲೇಟಿನ ಕೇಸರಿ ಕಾಗದ ಟಾರ್ಚಿಗೆ ಸುತ್ತಿ ಕಿವಿ ಹಿಂದೆ ನಿಲ್ಲಿಸಿದ್ಲು, ಸೂರ್ಯ ಹುಟ್ಟಿದ. ಲೆನ್ಸಿನ ನೀರ ಹನಿ ಜಾರಿ ತೊಪ್ ಅಂತ ನೆತ್ತಿ ಮೇಲೆ ಬಿತ್ತು. "ಬಟ್ಟೆ ತೆಗೀರೋ, ಮಳೆ" ಅಂತ ಚಿಕ್ಕಪ್ಪ ನಿದ್ದೇಲೇ ಗೊಣಗಿ ಸುಮ್ಮನಾದ. ಇನ್ನೊಂದು ಹನಿ ಇಟ್ಕೊಂಡು ಕ್ಲಿಕ್.

ಅಬ್ಬಬ್ಬಾ! ಮಂಜು ಮುಸುಕಿದ ಗುಡ್ಡ, ತುದೀಲಿ ಗಾಳಿಗೆ ಬಾಗಿದ ಒಂದೇ ಮರ, ಹಿಂದೆ ಕೇಸರಿ ಬೆಳಕು. ಇದೂ ಇರ್ಲಿ ಅಂತ ಫ್ಲಾಸ್ಕಿನ ಮೇಲಿದ್ದ ವಿಗ್ಗನ್ನೂ ಹತ್ರದಿಂದ ತೆಗೆದ್ಲು. ದಟ್ಟ ಕಾಡು! "ಒಂಟಿ ಮರದ ಬೆಟ್ಟ, ಮುಂಜಾವು" ಅಂತ ಹೆಸರು ಬರೆದು ಆಲ್ಬಂಗೆ ಹಾಕಿ ಲಿಂಕನ್ನ ಬಳಗಕ್ಕೆ ಕಳಿಸಿದ್ಲು. ಅಷ್ಟಕ್ಕೇ ಕೈ ನಿಲ್ಲಿಸಿದ್ರೆ ಕಥೆ ಮುಗೀತಿತ್ತು. ಹೊಗಳಿಕೆ ಆಸೆ ನೋಡಿ, ಸ್ಪರ್ಧೆ ಮಾತೆತ್ತದೆ ಮನೆಯವರ ಗ್ರೂಪಿಗೂ ಲಿಂಕ್ ಹಾಕಿಬಿಟ್ಲು.

ಮಾರನೇ ದಿನ ಅವಳು ಸಲೂನ್ ಮುಂದೆ ಹೋಗ್ತಾ ಒಳಗೆ ಇಣುಕಿದ್ರೆ, ಕನ್ನಡಿ ಎದುರಿನ ಗೋಡೆ ತುಂಬಾ ಚಿಕ್ಕಪ್ಪನ ತಲೆ.

"ಬಾರೇ, ಬಾ!" ಚಿಕ್ಕಪ್ಪ ಬಾಚಣಿಗೆ ಎತ್ತಿ ಕರೆದ. "ನಿನ್ನ ಬೆಟ್ಟದ ಫೋಟೋ ದೊಡ್ಡದು ಮಾಡಿಸಿ ಹಾಕ್ಸಿದೀನಿ. ಗೋಡೆ ಬೋಳು ಬೋಳಾಗಿತ್ತು, ಈಗ ನೋಡು ಎಂಥಾ ಕಳೆ! ಅಂಚು ಸ್ವಲ್ಪ ಕತ್ತರಿಸಿದಾರೆ, ಪೂರ್ತಿ ಆಲ್ಬಂ ನೋಡೋರಿಗೆ ಅಂತ ಪಕ್ಕದಲ್ಲೇ ಕೋಡ್ ಅಂಟಿಸಿದೀನಿ. ಫೋನ್ ಹಿಡಿದ್ರೆ ಸಾಕು, ಕಾಡೂ ಕಾಣುತ್ತೆ."

ಪಟಪಟಿ ಮಾತು ಮೊದಲನೇ ಸಲ ತಡವರಿಸಿತು. "ಚಿಕ್ಕಪ್ಪಾ, ಅದು... ಅದನ್ನ ಇಳಿಸು."

"ಯಾಕೆ?"

"ಚೆನ್ನಾಗಿಲ್ಲ."

"ಹೋಗೇ, ನಿಂಗೇನು ಗೊತ್ತು! ಬೆಳಗ್ಗೆಯಿಂದ ಬಂದೋರೆಲ್ಲಾ ಬಾಯಿ ಮುಚ್ಚಿಲ್ಲ. ಎಲ್ಲಿದು ಅಂತ ಕೇಳಿದ್ರೆ, ನಾವೇ ಹೋಗಿದ್ವಿ, ತುದಿವರೆಗೂ ಹತ್ತಿದೀನಿ ಅಂತ ಹೇಳಿದೀನಿ. ನೀನೂ ಹಾಗೇ ಹೇಳು."

ಬಾಯಲ್ಲಿ ಬಿಸಿ ತುಪ್ಪ, ನುಂಗೋ ಹಾಗಿಲ್ಲ, ಉಗುಳೋ ಹಾಗಿಲ್ಲ. ಇದು ನಿನ್ನ ತಲೆ ಅಂತ ಕುರ್ಚೀಲಿ ಕೂತೋರ ಮುಂದೆ ಹೇಳೋದಾ? ಆಲ್ಬಂ ಅಳಿಸಿಬಿಡೋಣ ಅಂದ್ರೆ ಫಲಿತಾಂಶ ಅವತ್ತು ಸಂಜೇನೇ. ಇಷ್ಟು ದಿನ ಯಾರಿಗೂ ಗೊತ್ತಾಗದ್ದು ಸಂಜೆಯೊಳಗೆ ಯಾರಿಗೆ ಗೊತ್ತಾಗುತ್ತೆ ಅಂತ ತನಗೆ ತಾನೇ ಸಮಾಧಾನ ಹೇಳ್ಕೊಂಡು ಮನೆಗೆ ಬಂದ್ಲು.

ಟಿಣ್.

ಆಲ್ಬಮ್ಮಿನ ಬೆಟ್ಟದ ಕೆಳಗೆ ಒಂದು ಕಾಮೆಂಟು. ತಂಗಿ ಮನೆಗೆ ಅಂತ ಬೇರೆ ಊರಿಗೆ ಹೋಗಿದ್ದ ಅಜ್ಜಿ ಬರೆದಿದ್ಲು. "ಇದು ನನ್ನ ಮಗನ ತಲೆ ಅಲ್ವಾ."

ಪಟಪಟಿ ಪಟ್ ಅಂತ ಅಳಿಸಿದ್ಲು. ಉಸಿರು ಬಿಡೋದ್ರೊಳಗೆ ಟಿಣ್. ಅಜ್ಜಿ ಏನಂದ್ಕೊಂಡ್ಲು, ಮೊದಲನೇದು ಹೋಗಿಲ್ಲ ಅಂದ್ಕೊಂಡ್ಲು. "ಇದು ನನ್ನ ಎರಡನೇ ಮಗನ ತಲೆ. ಹುಟ್ಟಿದಾಗ್ಲೂ ಹೀಗೇ ಇತ್ತು." ಅಳಿಸಿದ್ಲು. ಫೋನ್ ಹಚ್ಚಿದ್ಲು.

"ಅಜ್ಜಿ, ಬರೀಬೇಡ!"

"ಆಮೇಲೆ ಮಾತಾಡ್ತೀನಿ ಇಡೇ, ಬರೀತಾ ಇದ್ದೀನಿ. ಎಷ್ಟು ಸಲ ಬರೆದ್ರೂ ನಿಲ್ತಿಲ್ಲ ಈ ಹಾಳು ಫೋನು." ಕಟ್.

ಟಿಣ್. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಈ ಸಲ ಪೂರ್ತಿ ಜಾತಕ. "ಇದು ಸಲೂನ್ ಇಟ್ಟಿರೋ ನನ್ನ ಮಗನ ತಲೆ. ಮಚ್ಚೆ ನೋಡಿ, ನಮ್ಮ ಯಜಮಾನರಿಗೂ ಅಲ್ಲೇ ಇತ್ತು. ವಿಗ್ಗು ಹಾಕದೇ ಇದ್ರೇನೇ ಲಕ್ಷಣ."

ಪಟಪಟಿ ಬಲಗಾಲಿಗೆ ತನ್ನ ಚಪ್ಪಲಿ, ಎಡಗಾಲಿಗೆ ಅಜ್ಜಿ ಚಪ್ಪಲಿ ಹಾಕ್ಕೊಂಡು ಓಡಿದ್ಲು. ಓಡ್ತಾ ಅಳಿಸಿದ್ಲು, ಅಳಿಸ್ತಾ ಓಡಿದ್ಲು.

ಸಲೂನಿನ ಕುರ್ಚೀಲಿ ಭೂಗೋಳದ ಮೇಷ್ಟ್ರು ಕೂತಿದ್ರು, ಕತ್ತಿಗೆ ಬಿಳಿ ಬಟ್ಟೆ ಕಟ್ಟಿಸ್ಕೊಂಡು. ಆ ಬಟ್ಟೆ ಕೆಳಗಿಂದ ಫೋನ್ ಹಿಡಿದ ಕೈ ಮಾತ್ರ ಆಚೆ ಬಂದಿತ್ತು. ಫೋನಲ್ಲಿ ಆಲ್ಬಂ.

"ಅರೆ, ಇಲ್ಲಿ ನನ್ನ ಮಗನ ಅಂತ ಏನೋ ಬಂತು... ಹೋಯ್ತು" ಅಂತ ಮೇಷ್ಟ್ರು ಕಣ್ಣು ಕಿರಿದು ಮಾಡಿದ್ರು. "ಇರ್ಲಿ. ಅಲ್ಲಯ್ಯಾ, ಇದು ಬಹಳ ಪುರಾತನ ಬಂಡೆ. ಗಾಳಿ ಮಳೆಗೆ ಸವೆದೂ ಸವೆದೂ ಹೀಗೆ ನುಣ್ಣಗಾಗಿದೆ."

"ಹೌದು ಮೇಷ್ಟ್ರೇ, ಹತ್ತೋವಾಗ ಕಾಲು ಜಾರೋದು" ಅಂದ ಚಿಕ್ಕಪ್ಪ ಕತ್ತರಿ ಆಡಿಸ್ತಾ.

"ಅಂಚಲ್ಲಿ ಒಂದು ಗುಹೆ ಬೇರೆ ಇದೆ."

"ಗುಹೇನಾ?"

"ನೋಡು, ನಿನ್ನ ಗೋಡೆ ಮೇಲೆ ಅದು ಕತ್ತರಿಸಿಹೋಗಿದೆ. ಆಲ್ಬಮ್ಮಲ್ಲಿ ಪೂರ್ತಿ ಇದೆ. ಗುಹೆ ಬಾಯಲ್ಲಿ ಹುಲ್ಲು ಬೆಳೆದಿದೆ. ಪಕ್ಕದಲ್ಲಿ ಕರೀ ಕಲ್ಲು."

ಪಟಪಟಿ ಬಾಗಿಲಲ್ಲಿ ಏದುಸಿರು ಬಿಡ್ತಾ ನಿಂತು ಕಣ್ಣಲ್ಲೇ ಬೇಡ ಬೇಡ ಅಂದ್ಲು. ಆದ್ರೆ ಚಿಕ್ಕಪ್ಪ ಆಗ್ಲೇ ಬಗ್ಗಿ ಫೋನ್ ನೋಡಿದ. ಅವನು ಕಿವಿಗಳ ಸುತ್ತ ಕತ್ತರಿ ಆಡಿಸಿಯೇ ಬದುಕಿದೋನು. ಕಿವಿ ಅಂದ್ರೆ ಕಿವಿ ಅಂತ ಗೊತ್ತಾಗಲ್ವಾ? ಅದೂ ಸ್ವಂತ ಕಿವಿ, ಪಕ್ಕದಲ್ಲಿ ಸ್ವಂತ ಮಚ್ಚೆ! ಗೋಡೆ ನೋಡಿದ. ಕನ್ನಡಿ ನೋಡಿದ. ಪಟಪಟೀನ ನೋಡಿದ. ಕತ್ತರಿ ಗಾಳೀಲೇ ಕಚ್ ಕಚ್ ಅಂತಿತ್ತು, ಕೂದಲು ಇಲ್ಲದ ಕಡೆ.

"ದಾರಿ ಹೇಳಯ್ಯಾ" ಅಂದ್ರು ಮೇಷ್ಟ್ರು. "ಮಕ್ಕಳನ್ನ ಕರ್ಕೊಂಡು ಹೋಗ್ತೀನಿ."

ಚಿಕ್ಕಪ್ಪನ ಕೈ ತಾನಾಗೇ ವಿಗ್ಗಿನ ಮೇಲೆ ಹೋಯ್ತು. "ಈಗ... ಈಗ ಯಾರನ್ನೂ ಬಿಡ್ತಿಲ್ಲ ಮೇಷ್ಟ್ರೇ. ಮುಚ್ಚಿಬಿಟ್ಟಿದಾರೆ."

"ಯಾಕಂತೆ?"

"ಕಾಡು ಬೆಳೆಸ್ತಿದಾರೆ."

"ಒಳ್ಳೇ ಕೆಲಸ" ಅಂದ್ರು ಮೇಷ್ಟ್ರು. "ಎಷ್ಟು ವರ್ಷ ಆಗುತ್ತೆ?"

"ನನ್ನ ಜೀವಮಾನದಲ್ಲಿ ಆಗಲ್ಲ ಅನ್ಸುತ್ತೆ. ಮತ್ತೆ ಮೇಷ್ಟ್ರೇ, ಅಷ್ಟೇನೂ ಪುರಾತನ ಅಲ್ಲ ಆ ಬೆಟ್ಟ. ನಡುವಯಸ್ಸು."

ಮೇಷ್ಟ್ರು ಬಟ್ಟೆ ಕೊಡವಿ ಎದ್ದು ಹೋಗೋವರೆಗೂ ಚಿಕ್ಕಪ್ಪ ನಗ್ತಾನೇ ಇದ್ದ. ಬಾಗಿಲು ಮುಚ್ಚಿದ ತಕ್ಷಣ ಆ ನಗು ದೀಪ ಆರಿದ ಹಾಗೆ ಆರಿತು.

"ಏನೇ ಇದು? ಉಂಡ ಮನೆಗೆ ಕನ್ನ ಹಾಕ್ತೀಯಾ?"

"ತಪ್ಪಾಯ್ತು ಚಿಕ್ಕಪ್ಪಾ. ಬೆಟ್ಟಕ್ಕೆ ಅಂತ ಎಲೆಕೋಸು ಇಟ್ಟು ನೋಡ್ದೆ, ಆಗ್ಲಿಲ್ಲ."

"ಎಲೆಕೋಸು ಆದ್ಮೇಲೆ ನಾನು!" ಚಿಕ್ಕಪ್ಪ ಕುರ್ಚೀಲಿ ಕುಸಿದ. "ಸ್ಟೂಲ್ ಹತ್ತಿ ಇಳಿಸು ಅದನ್ನ."

ಪಟಪಟಿ ಸ್ಟೂಲ್ ಹತ್ತಿ ಫ್ರೇಮಿಗೆ ಕೈ ಹಾಕಿದ್ಲು. ಹಿಂದಿಂದ ಮೆಲ್ಲಗೆ, "ತಡಿ."

ತಿರುಗಿದ್ರೆ ಅವನು ತಲೆ ಓರೆ ಮಾಡ್ಕೊಂಡು ಗೋಡೆ ನೋಡ್ತಿದ್ದ.

"ಚೆನ್ನಾಗೇ ಬಂದಿದೆ, ಅಲ್ವಾ?" ಅಂದ. "ಕೂದಲು ಉದುರಿದಾಗಿಂದ ಕನ್ನಡೀಲಿ ಸರಿಯಾಗಿ ನೋಡ್ಕೊಂಡಿಲ್ಲ ಕಣೇ. ಇವತ್ತು ಬಂದೋರೆಲ್ಲಾ ಆಹಾ ಓಹೋ ಅಂದಿದ್ದು... ನನ್ನ ತಲೇನೇ ಅಲ್ವಾ? ವಿಗ್ಗಿಗೂ ಯಾರೂ ಇಷ್ಟು ಹೊಗಳಿಲ್ಲ. ಬಿಡು, ಇರ್ಲಿ ಅಲ್ಲೇ. ಆ ಕೋಡ್ ಮಾತ್ರ ಕಿತ್ತಾಕು."

ಅವಳು ಕೋಡ್ ಚೀಟಿ ಉಗುರಲ್ಲಿ ಕೆರೀತಿದ್ದಾಗ ಟಿಣ್. ಮತ್ತೆ ಅಜ್ಜಿ ಅಂದ್ಕೊಂಡು ನೋಡಿದ್ರೆ ಬಳಗದವರು. ಒಂಟಿ ಮರದ ಬೆಟ್ಟ ಗೆದ್ದಿತ್ತು! ಪಟಪಟಿ ಸ್ಟೂಲ್ ಮೇಲೇ ಕುಣಿದು ಬೀಳೋದು ಸ್ವಲ್ಪದರಲ್ಲಿ ತಪ್ಪಿತು. ಕೆಳಗೆ ಇನ್ನೊಂದು ಸಾಲಿತ್ತು. "ಮುಖಪುಟಕ್ಕೆ ಬೇಕು, ಈ ಬೆಟ್ಟ ನಿಜವಾಗಿ ಏನು ಅಂತ ಈಗ್ಲೇ ಬರೆದು ಕಳಿಸಿ."

ಕುಣಿತ ನಿಂತಿತು. ಬಳಗದಲ್ಲಿ ಈ ಊರಿನೋರೂ ಇದಾರೆ. ತಲೆ ಅಂದ್ರೆ ಯಾರ ತಲೆ ಅಂತ ಕೇಳ್ತಾರೆ. ಏನೂ ಬರೀದಿದ್ರೆ ಮುಖಪುಟ ಹೋಯ್ತು. ಯೋಚಿಸಿದ್ಲು, ಉಗುರು ಕಚ್ಚಿದ್ಲು, ಕೊನೆಗೆ ಬರೆದ್ಲು: ಮೊಟ್ಟೆ.

"ಏನಂತ ಬರೆದೆ?" ಚಿಕ್ಕಪ್ಪ ಎದ್ದು ಬಂದು ಇಣುಕಿದ. "ಮೊಟ್ಟೇನಾ?"

"ನಿನ್ನ ಗುಟ್ಟು ಉಳೀಲಿ ಅಂತ!"

"ಗುಟ್ಟು ಉಳೀಲಿ, ಸರಿ. ಅದಕ್ಕೆ ಮೊಟ್ಟೇನಾ? ಮಲಗಿದ್ದೋನು ನಾನು, ಬೆಟ್ಟ ನಂದು, ಮರ ನಂದು. ಗೆದ್ದಿದ್ದು ಕೋಳಿನಾ?"

"ಹಾಗಾದ್ರೆ ತಲೆ ಅಂತ ಬರೀಲಾ?"

"ಬೇಡ!" ಅಂದ. ಎರಡು ಹೆಜ್ಜೆ ಹೋಗಿ ತಿರುಗಿದ. "ಆದ್ರೂ... ಮೊಟ್ಟೆ!"

ಅವಳು ಕಣ್ಣು ಮುಚ್ಕೊಂಡು ಕಳಿಸಿಬಿಟ್ಲು. ರಾತ್ರಿ ಅಡುಗೆಮನೇಲಿ ಮೊಟ್ಟೆ ಒಡೆಯೋಕೆ ಹೋದ್ರೆ ಚಿಕ್ಕಪ್ಪ ಮುಖ ತಿರುಗಿಸ್ಕೊಂಡು ಬರೀ ಬ್ರೆಡ್ಡು ತಿಂದ. ಅಷ್ಟರಲ್ಲಿ ಬಳಗದ ಮುಖಪುಟ ತೆರೀತು. ಪಟಪಟಿ ಹೆಸರು, ಬೆಟ್ಟ, ಕೆಳಗೆ "ಅಬ್ಬಾ, ಮೊಟ್ಟೆಯಂತೆ!" ಅಂತ ಸಾಲು ಸಾಲು ಮೆಚ್ಚುಗೆ. ಅದರ ನಡುವೆ, ಯಾರು ಬೇಕಾದ್ರೂ ಬರೆಯಬಹುದಾದ, ಆದ್ರೆ ಪಟಪಟಿ ಅಳಿಸೋಕೆ ಆಗದ ಜಾಗದಲ್ಲಿ, ಒಂದು ಹೊಸ ಕಾಮೆಂಟು.

"ಮೊಟ್ಟೆ ಅಲ್ಲ ರೀ. ನನ್ನ ಮಗ."

ಅದನ್ನ ಆಗ್ಲೇ ಒಬ್ಬರು ಲೈಕ್ ಮಾಡಿದ್ರು. ಯಾರಪ್ಪಾ ಅಂತ ಒತ್ತಿ ನೋಡಿದ್ಲು. ಚಿಕ್ಕಪ್ಪ.

ತಲೆ ಎತ್ತಿದ್ರೆ, ಅವನು ಹಾಲಲ್ಲಿ ಕೂತು ಫೋನ್ ನೋಡ್ಕೊಂಡು ಒಳಗೊಳಗೇ ನಗ್ತಿದ್ದ. ವಿಗ್ಗು ಫ್ಲಾಸ್ಕಿನ ಮೇಲಿತ್ತು, ಒಂಟಿ ಮರ ಫ್ಯಾನಿನ ಗಾಳಿಗೆ ಬಾಗ್ತಿತ್ತು. ಕಾಮೆಂಟಿನ ಕೆಳಗೆ ಆಗ್ಲೇ ಯಾರೋ ಕೇಳಿದ್ರು, "ಹೌದಾ? ನಿಜ ಯಾವುದು?" ಅಂತ. ಪಟಪಟಿ ಬೆರಳು ಫೋನ್ ಮೇಲೆ ಹಾಗೇ ನಿಂತಿತು. ಹೇಳಿ, ನೀವಾಗಿದ್ರೆ ಏನಂತ ಉತ್ತರ ಬರೀತಿದ್ರಿ?