ಭಾಗವ್ವನಿಗೆ ಉಳಿದ ಸೀರೆ

ಮಹಾಲಿಂಗಪುರದ ಬಸ್ ನಿಲ್ದಾಣದಲ್ಲಿ ಬಾಂಬು ಸಿಡಿದ ಸುದ್ದಿ ಬನಹಟ್ಟಿಗೆ ಬಂದಾಗ ಗೂಳಪ್ಪ ಮಗ್ಗದ ಮುಂದೆ ಕೂತಿದ್ದ. ಯಾರೋ ಬೆಂಚಿನ ಕೆಳಗೆ ಚೀಲ ಇಟ್ಟು ಹೋಗಿದ್ದರಂತೆ. ಅವನ ಹೆಂಡತಿ ಭಾಗವ್ವ ತಂಗಿಯನ್ನು ನೋಡಿಕೊಂಡು ಬರಲೆಂದು ಬೆಳಗಿನ ಬಸ್ಸಿಗೇ ಆ ಊರಿಗೆ ಹೋಗಿದ್ದಳು. ಫೋನು ಹತ್ತಲಿಲ್ಲ. ಕೈಯಲ್ಲಿದ್ದ ಲಾಳಿಯನ್ನು ಹಿಡಿದುಕೊಂಡೇ ಅವನು ಪಕ್ಕದ ಮನೆಯ ಮಲ್ಲಿನಾಥನ ಗಾಡಿ ಹತ್ತಿದ.

ಆಸ್ಪತ್ರೆಯ ಬಾಗಿಲಲ್ಲಿ ಪೊಲೀಸಿನವನು ತಡೆದ.

“ಕಾಕಾ, ಮಾರಿ ನೋಡಿ ಗುರುತು ಹಿಡಿಯೂ ಹಂಗಿಲ್ಲ. ಯಾವ ಸೀರಿ ಉಟ್ಟಿದ್ರು, ಅದನ್ನ ಹೇಳ್ರಿ.”

“ದಾಳಿಂಬಿ ಬಣ್ಣದ್ದು. ಹಸರ ದಡಿ.”

ಪೊಲೀಸಿನವನು ಒಳಗಿನ ಕೋಣೆಗೆ ಕರೆದೊಯ್ದ.

ಸ್ಟ್ರೆಚರಿನ ಮೇಲೆ ಹೊದಿಸಿದ ಬಿಳಿ ಬಟ್ಟೆಯ ಕೆಳಗಿನಿಂದ ಮಸಿ ಮೆತ್ತಿದ ಸೆರಗೊಂದು ಜೋತುಬಿದ್ದಿತ್ತು. ಗೂಳಪ್ಪ ಬಾಗಿ ಮುಟ್ಟಿದ. ಅಂಚಿನ ದಡಿಯ ನೇಯ್ಗೆಯ ಬಿಗಿ ಅವನ ಕೈಯದೇ.

“ನಾ ನೇದದ್ದ ಇದು,” ಎಂದ.

ಆದರೆ ಮಗ್ಗಕ್ಕೆ ಒಮ್ಮೆ ಏರಿಸಿದ ಆ ಹಾಸುನೂಲಿನಲ್ಲಿ ಅವನು ನೇಯ್ದದ್ದು ಒಂದೇ ಸೀರೆಯಲ್ಲ, ನಾಲ್ಕು. ಮೂರು ಸೀರೆಗಳು ಅಂಗಡಿಗೆ ಹೋದವು. ನಾಲ್ಕನೆಯದನ್ನು ನೇಯುವಾಗ ಭಾಗವ್ವ ಚಹಾಕ್ಕೆ ಕರೆದಿದ್ದಳು. ಅತ್ತ ತಿರುಗುವುದರಲ್ಲಿ ಸೆರಗಿನ ನಡುವೆ ಎಳೆ ತಪ್ಪಿತ್ತು. ಅಂಗಡಿಯವನು ಅದನ್ನು ತಿರುಗಿ ಕಳಿಸಿದ.

“ಕರದಾಕಿನ ಉಡು ಈಗ,” ಎಂದು ಗೂಳಪ್ಪ ರೇಗಿದ್ದ.

“ಉಡತೀನಿ ತಗೋರಿ. ನಿಮ್ಮ ಮನ್ಯಾಗ ನಾ ಯಾವತ್ತರ ಛಲೋ ಸೀರಿ ಉಟ್ಟೇನೇನು?” ಎಂದು ಅವಳು ನಕ್ಕಿದ್ದಳು. ಮೂವತ್ತು ವರ್ಷದಿಂದ ಅವಳು ಉಟ್ಟಿದ್ದೆಲ್ಲ ಮಾರಾಟಕ್ಕೆ ಬಾರದ ಸೀರೆಗಳೇ.

ಗೂಳಪ್ಪ ಸೆರಗನ್ನು ಗೇಣು ಗೇಣಾಗಿ ತಡವುತ್ತ ಹೋದ. ತಪ್ಪಿದ ಎಳೆ ಸಿಗಲಿಲ್ಲ. ಮತ್ತೆ ಮೊದಲಿನಿಂದ ತಡವಿದ. ಎಲ್ಲಿಯೂ ಒಂದೆಳೆ ತಪ್ಪಿರಲಿಲ್ಲ.

“ನಮ್ಮಾಕಿ ಅಲ್ಲ! ಶಿವಾ, ಉಳಿಸಿದ್ಯಪಾ ನನ್ನ ತಂದಿ!” ಎಂದು ಕೂಗಿಬಿಟ್ಟ.

ಕೂಗಿದ ಮೇಲೆ ಅವನ ಕಣ್ಣು ಸ್ಟ್ರೆಚರಿನ ತುದಿಗೆ ಹೋಯಿತು. ಬಟ್ಟೆಯ ಹೊರಗೆ ಒಂದು ಪಾದ. ಬೆರಳಲ್ಲಿ ಕಾಲುಂಗುರ, ಹಿಮ್ಮಡಿಯಲ್ಲಿ ಬಿರುಕು. ಅವನು ಬಾಯಿ ಮುಚ್ಚಿಕೊಂಡ.

ಭಾಗವ್ವ ಮೇಲಿನ ವಾರ್ಡಿನಲ್ಲಿದ್ದಳು. ತಲೆಗೆ ಪಟ್ಟಿ, ಕಿವಿ ಕೇಳುತ್ತಿರಲಿಲ್ಲ. ಗಂಡನನ್ನು ಕಂಡವಳೇ, “ಲಾಳಿ ಯಾಕ ತಂದೀರಿ?” ಎಂದು ವಾರ್ಡಿಗೆಲ್ಲ ಕೇಳುವಂತೆ ಕೂಗಿದಳು. ಗೂಳಪ್ಪ ಆಗ ತನ್ನ ಕೈ ನೋಡಿಕೊಂಡ. ಅವಳ ಸೆರಗಿನಲ್ಲಿ ತಪ್ಪಿದ ಎಳೆ ಇದ್ದಲ್ಲೇ ಇತ್ತು.

ಅವಳಿಗೆ ನೀರು ತರಲು ಕೆಳಗೆ ಇಳಿದಾಗ, ಬಾಗಿಲಲ್ಲಿ ಬೀಳಗಿಯ ಕಡೆಯ ಒಬ್ಬ ಮನುಷ್ಯ ಪೊಲೀಸಿನವನ ಮುಂದೆ ನಿಂತಿದ್ದ.

“ದಾಳಿಂಬಿ ಬಣ್ಣದ್ದರಿ, ಹಸರ ದಡಿ. ಹ್ವಾದ ವಾರ ತಗೊಂಡದ್ದು. ಬಿಸಲಾಗ ಹಿಡದು, ಒಂದೆಳಿನೂ ತಪ್ಪಿಲ್ಲಂತ ನೋಡೇ ತಗೊಂಡ್ಳರಿ ನಮ್ಮ ಪದ್ಮವ್ವ.”

ಪೊಲೀಸಿನವನು ಗೂಳಪ್ಪನ ಮುಖ ನೋಡಿದ.

“ಬರ್ರಿ, ನಾ ಕರಕೊಂಡ ಹೋಗತೇನಿ,” ಎಂದು ಗೂಳಪ್ಪ ಆ ಮನುಷ್ಯನ ಕೈ ಹಿಡಿದ.

“ನಿಮ್ಮವರೂ ಅದಾರೇನ್ರಿ ಅಲ್ಲೆ?”

ಗೂಳಪ್ಪ ಅವನ ಕೈ ಬಿಡದೆ ಮುಂದೆ ನಡೆದ. ಕೂತರೆ ಶಿವ, ಎದ್ದರೆ ಶಿವ ಎನ್ನುವ ಬಾಯಿ ಅವನದು. ಆ ಕೋಣೆಯ ಬಾಗಿಲು ಬರುವವರೆಗೂ ಅದು ಶಿವನ ಹೆಸರಿಗೂ ತೆರೆಯಲಿಲ್ಲ.