ಒಬ್ಬರು ಹಿಡಿದುಕೊಳ್ಳಬೇಕು

ಚಿಕ್ಕ ಟ್ರ್ಯಾಕ್ಟರ್ ಮಾಡುವವರಿಗೆ ಒಂದು ಹಟ ಇರಬೇಕು. ದೊಡ್ಡ ಟ್ರ್ಯಾಕ್ಟರಿನಲ್ಲಿ ಇರುವುದೆಲ್ಲ ಇದರಲ್ಲೂ ಇರಲೇಬೇಕು, ಜಾಗ ಮಾತ್ರ ಇರಬಾರದು. ತುಂಬು ಸಂಸಾರವೊಂದು ಒಂದೇ ಕೋಣೆಯ ಮನೆಗೆ ಬಾಡಿಗೆಗೆ ಬಂದ ಹಾಗೆ, ಒಂದರ ಮೊಣಕೈ ಇನ್ನೊಂದರ ಪಕ್ಕೆಗೆ ತಿವಿಯುತ್ತಿರುತ್ತದೆ. ಸಸಿಗಳ ನರ್ಸರಿಯ ಕೆಂಪು ಟ್ರ್ಯಾಕ್ಟರಿನ ಬೋಲ್ಟು ಮುರಿದದ್ದು ಸರಿಯಾಗಿ ಅಂಥದ್ದೇ ಸಂದಿಯಲ್ಲಿ: ಗೇರ್‌ಬಾಕ್ಸಿನ ಅಡಿಗೆ, ಕ್ಲಚ್ ಪೆಡಲಿನಿಂದ ಹೋಗುವ ಸರಳು ಒಳಗಿನ ತೋಳಿಗೆ ಸೇರುವ ಕಡೆ. ತುಳಿದರೆ ಪೆಡಲು ಸುಮ್ಮನೆ ಬಿದ್ದುಕೊಳ್ಳುತ್ತಿತ್ತು, ಗೇರು ಬೀಳುತ್ತಿರಲಿಲ್ಲ.

ಮೆಕ್ಯಾನಿಕ್ ಬಂದ, ಅಡಿಗೆ ಮಲಗಿದ, ಕೈ ತೂರಿಸಿದ. ಅವನದು ಒನಕೆಯಂಥ ಮುಂಗೈ, ಅರ್ಧಕ್ಕೇ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳುವಷ್ಟರಲ್ಲಿ ಗ್ರೀಸು ಅವನ ಕಿವಿಗೂ ಹತ್ತಿತ್ತು. ಎದ್ದು ಕೂತವನು, ಗಾಡಿಯನ್ನು ನಡು ಬಿಚ್ಚಿ ಎರಡು ಮಾಡಬೇಕು, ತನ್ನ ಶೆಡ್ಡಿಗೆ ಎಳೆದೊಯ್ಯಬೇಕು, ವಾರವಾದರೂ ಹಿಡಿಯುತ್ತದೆ ಎಂದ.

ನರ್ಸರಿ ಮನೆಯ ಚಿಕ್ಕ ಸೊಸೆಯ ಮುಖ ಬಾಡಿತು. ಟ್ರ್ಯಾಕ್ಟರ್ ಓಡಿಸುವವಳು ಅವಳು. ಅದು ಬರುವ ಮೊದಲು ಕುಂಡಗಳನ್ನು ತಳ್ಳುಗಾಡಿಯಲ್ಲಿ ಸಾಲಿನಿಂದ ಸಾಲಿಗೆ ತಳ್ಳಿದವಳೂ ಅವಳೇ. ಆ ಭುಜದ ನೋವು ಈಚೆಗಷ್ಟೇ ಜಾಗ ಖಾಲಿ ಮಾಡಿತ್ತು. ಈಗ ನೋಡಿದರೆ ಮಧ್ಯಾಹ್ನ ಹಳೇ ಗಾಡಿ ಕೊಳ್ಳುವವನು ಬರುವವನಿದ್ದ. ಕರೆಸಿದ್ದು ದೊಡ್ಡ ಸೊಸೆ. ಗಿರಾಕಿಗಳ ಫೋನು, ಆರ್ಡರು ಎಲ್ಲ ಆಕೆಯದು. ಈ ಟ್ರ್ಯಾಕ್ಟರು ಓಡಿದರೆ ಕಿವಿಗೆ ಕಷ್ಟ, ನಿಂತರೆ ಕೈಗೆ ಕಷ್ಟ, ತೊಲಗಿದರೆ ಸಾಕು ಎಂಬುದು ಆಕೆಯ ವಾದ. ಗಂಡಂದಿರಿಬ್ಬರೂ ವ್ಯಾನಿನಲ್ಲಿ ಸಸಿ ಸಾಗಿಸಲು ಹೋಗಿದ್ದರು. ಇದ್ದಿದ್ದರೂ ಅಮ್ಮ ಹೇಳಿದ ಹಾಗೆ ಎನ್ನುತ್ತಿದ್ದರು, ಅಷ್ಟೇ. ಅವರ ಅಮ್ಮ, ಅಂದರೆ ಈ ಸೊಸೆಯರ ಅತ್ತೆ, ಬೆಳಿಗ್ಗೆಯೇ ತೀರ್ಪು ಕೊಟ್ಟಾಗಿತ್ತು: ಕೊಳ್ಳುವವನು ಬರುವಷ್ಟರಲ್ಲಿ ಓಡಿದರೆ ಇರುತ್ತದೆ, ಇಲ್ಲದಿದ್ದರೆ ಹೋಗುತ್ತದೆ.

ಮೆಕ್ಯಾನಿಕ್ ಚಿಕ್ಕ ಸೊಸೆಯ ಕೈಯನ್ನೊಮ್ಮೆ ನೋಡಿ ತಲೆ ಕೆರೆದುಕೊಂಡ. ತೆಳ್ಳನೆಯ ಕೈಯಾದರೆ ಹೋಗಬಹುದು, ಆದರೆ ಒಂದು ಸಾಲದು. ಕ್ಲಚ್ಚಿನ ಕಡೆಯಿಂದ ಬೋಲ್ಟಿಗೊಂದು, ಬ್ರೇಕಿನ ಕಡೆಯಿಂದ ನಟ್ಟಿಗೊಂದು ಬೇಕು ಎಂದ.

ದೊಡ್ಡ ಸೊಸೆ ಸ್ಟೂಲಿನ ಮೇಲೆ ಫೋನು ಹಿಡಿದು ಕೂತಿದ್ದಳು. ಓರಗಿತ್ತಿ ಗೋಣಿ ಹಾಸಿಕೊಂಡು ಮಲಗಿದ್ದನ್ನು ನೋಡಿದಳು, ತಡಕಾಡಿದ್ದನ್ನು ನೋಡಿದಳು, ವಾಷರ್ ಕೈಜಾರಿ ಉರುಳಿದ್ದನ್ನೂ ನೋಡಿದಳು. ಇನ್ನೊಬ್ಬರು ಮಾಡುವ ಕೆಲಸವನ್ನು ನೋಡುತ್ತ ಸುಮ್ಮನೆ ಕೂರುವುದು ಆಕೆಯ ಜಾಯಮಾನವಲ್ಲ. ಬಳೆ ಬಿಚ್ಚಿ, ಪಕ್ಕದಲ್ಲಿ ಕೂತು ನೋಡುತ್ತಿದ್ದ ಅತ್ತೆಯ ಮಡಿಲಿಗೆ ಹಾಕಿದಳು. "ಮಾರೋದಂತೂ ಮಾರೋದೇ," ಎಂದಳು. "ಆದ್ರೆ ಹೀಗೆ ಮಾಡ್ತಾರಾ ಕೆಲಸಾನ? ಆ ಕಡೆ ಸರಿ."

ಒಬ್ಬಳು ಎಡಕ್ಕೆ, ಒಬ್ಬಳು ಬಲಕ್ಕೆ ಮಲಗಿದರು. ಅತ್ತೆಗೆ ಕಾಣುತ್ತಿದ್ದದ್ದು ಎರಡು ಜೊತೆ ಪಾದ ಮಾತ್ರ. ಸರಳನ್ನು ತೋಳಿಗೆ ಕೂಡಿಸಿದ್ದಾಯಿತು, ಹೊಸ ಬೋಲ್ಟು ತೂರಿತು, ನಟ್ಟು ಹಲ್ಲಿಗೆ ಸಿಕ್ಕಿತು. ಇಬ್ಬರ ಕೈಗೂ ಒಂದೊಂದು ಸ್ಪ್ಯಾನರ್ ಕೊಟ್ಟು ಮೆಕ್ಯಾನಿಕ್, ಮುಂದೆ ರೇಡಿಯೇಟರ್ ಕಡೆಗೆ ತಿರುಗಿಸಿ ಎಂದ. ಯಾರು ಎಂದು ಹೇಳಲಿಲ್ಲ. ಹೇಳಿದ್ದು ತನಗೇ ಎಂದುಕೊಂಡು ಇಬ್ಬರೂ ತಿರುಗಿಸಿದರು. ಬೋಲ್ಟು, ನಟ್ಟು ಎರಡೂ ಜೊತೆಗೂಡಿ ಗಾಣದೆತ್ತಿನ ಹಾಗೆ ಸುತ್ತಿದವೇ ಹೊರತು ಬಿಗಿಯಲಿಲ್ಲ. ಇದು ಸವೆದ ಬೋಲ್ಟು ಎಂದು ದೊಡ್ಡವಳು ಮೆಕ್ಯಾನಿಕ್ಕನ್ನು ಬೈದಳು. ಅವನು ಬಗ್ಗಿ ಟಾರ್ಚು ಬಿಟ್ಟು ನೋಡಿ, ಒಬ್ಬರು ಹಿಡಿದುಕೊಳ್ಳಬೇಕಲ್ಲ ಅಮ್ಮ ಎಂದ. ಯಾರು ಎಂದು ಆಗಲೂ ಹೇಳಲಿಲ್ಲ, ಸಂಸಾರವಂದಿಗ.

"ಒಂದೇ ಪಾತ್ರೆಗೆ ಇಬ್ರೂ ಉಪ್ಪು ಹಾಕ್ತಾರೆ," ಎಂದರು ಅತ್ತೆ ಅವನಿಗೆ. "ದಿನಾ ನಾನು ನೀರು ಕುಡಿದೇ ಹೊಟ್ಟೆ ತುಂಬಿಸ್ಕೊಳ್ಳೋದು."

ತಾನು ದೊಡ್ಡವಳು, ತಾನೇ ತಿರುಗಿಸುವುದು ಎಂದಿತು ಒಂದು ಜೊತೆ ಪಾದ. ಓಡಿಸುವವಳು ತಾನು, ತನಗೆ ಅದರ ಬಿಗಿ ಗೊತ್ತು ಎಂದಿತು ಇನ್ನೊಂದು. ಮತ್ತೆ ಇಬ್ಬರೂ ತಿರುಗಿಸಿದರು. ಆಗ ಗೇಟಿನ ಹತ್ತಿರ ಹಾರ್ನ್ ಕೇಳಿಸಿತು. ಕೊಳ್ಳುವವನು ಬಂದಿದ್ದ.

ಎಡಗಡೆಯ ಪಾದಗಳು ಅಲುಗಾಡುವುದನ್ನು ನಿಲ್ಲಿಸಿದವು. "ಅಕ್ಕಾ," ಎಂದಳು ಚಿಕ್ಕವಳು, "ನೀವು ತಿರುಗಿಸಿ. ನಾನು ಹಿಡ್ಕೋತೀನಿ."

ಬಲಗಡೆಯ ಪಾದಗಳು ಹಿಮ್ಮಡಿ ಊರಿದವು. ಆಮೇಲೆ ಸ್ಪ್ಯಾನರ್ ಕಿರ್ರೆಂದಿತು.

ಹಿಡಿದುಕೊಳ್ಳುವುದೇನೂ ಸುಲಭವಲ್ಲ. ದೊಡ್ಡವಳು ಒಂದೊಂದು ಸಲ ಎಳೆದಾಗಲೂ ಬೋಲ್ಟು ಚಿಕ್ಕವಳ ಕೈಯಿಂದ ಕಿತ್ತುಕೊಂಡು ಹೋಗಲು ನೋಡುತ್ತಿತ್ತು. ಅವಳು ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಸ್ಪ್ಯಾನರನ್ನು ಅಂಗೈಗೆ ಅವುಚಿಕೊಂಡಿದ್ದಳು.

"ಬಿಟ್ಟೆಯೇನೇ?"

"ಇಲ್ಲ ಅಕ್ಕ."

"ಹಿಡಿದಿದ್ದೀಯಾ?"

"ಹಿಡಿದೇ ಇದ್ದೀನಿ."

"ಹೂಂ. ಬಿಗೀತಾ ಇದೆ ಕಣೇ," ಎಂದಳು ದೊಡ್ಡವಳು, ಬೇರೆಯೇ ದನಿಯಲ್ಲಿ. "ನನ್ನ ಕೈಗೇ ಗೊತ್ತಾಗ್ತಾ ಇದೆ."

ಕೊಳ್ಳುವವನು ಬಂದು ಟೈರಿಗೆ ಕಾಲಲ್ಲಿ ಒದ್ದು ನೋಡುತ್ತಿದ್ದಾಗ ಚಿಕ್ಕವಳು ಸೀಟು ಹತ್ತಿ ಸ್ಟಾರ್ಟ್ ಮಾಡಿದಳು. ಪೆಡಲು ತುಳಿದರೆ ಅದು ಎದುರುತ್ತರ ಕೊಟ್ಟಿತು, ಗೇರು ಬಿತ್ತು, ಟ್ರ್ಯಾಕ್ಟರು ನಾಲ್ಕು ಮಾರು ಮುಂದೆ ಹೋಗಿ ನಿಂತಿತು. ಅವನಿಗೆ ಬಲು ಖುಷಿ. ಕೆಟ್ಟು ನಿಂತದ್ದು ಎಂದುಕೊಂಡು ಬಂದೆ, ಇಷ್ಟು ಚೆನ್ನಾಗಿದ್ದರೆ ಈಗಲೇ ಕೊಂಡೊಯ್ಯುತ್ತೇನೆ ಎಂದ.

"ಅದು ಮಾರೋದಕ್ಕಿಲ್ಲ," ಎಂದಳು ದೊಡ್ಡವಳು. ಮೂಗಿನ ತುದಿಯಲ್ಲಿ ಗ್ರೀಸು, ತಲೆಯಲ್ಲಿ ಗೋಣಿಯ ನಾರು.

"ಫೋನ್ ಮಾಡಿದ್ದು ನೀವೇ ತಾನೆ?"

"ಮಾಡಿದ್ದೆ. ಆಗ ಅದು ನನಗೆ ಪರಿಚಯ ಇರಲಿಲ್ಲ."

ಅವನು ಅತ್ತೆಯ ಮುಖ ನೋಡಿದ. ಅತ್ತೆ ಮಡಿಲಿನ ಬಳೆ ಎಣಿಸುತ್ತಿದ್ದರು.

ಆಮೇಲೆ ಮಧ್ಯಾಹ್ನವೆಲ್ಲ ಟ್ರ್ಯಾಕ್ಟರು ಸಾಲುಗಳ ನಡುವೆ ಓಡಾಡಿತು. ಹತ್ತಿರ ಬಂದಾಗಲೆಲ್ಲ ದೊಡ್ಡವಳು ಫೋನಿನಲ್ಲಿದ್ದವರಿಗೆ ಒಂದು ನಿಮಿಷ ತಡೀರಿ ಎಂದು, ಓರಗಿತ್ತಿಯನ್ನು ನಿಲ್ಲಿಸಿ, ಪೆಡಲನ್ನೊಮ್ಮೆ ಕೈಯಲ್ಲೇ ಒತ್ತಿ ನೋಡಿ ಕಳಿಸುತ್ತಿದ್ದಳು. ಚಿಕ್ಕವಳೂ ಪ್ರತಿ ಸಲ ನಿಲ್ಲುತ್ತಿದ್ದಳು.

ರಾತ್ರಿ ಊಟಕ್ಕೆ ಕೂತರೆ ಯಾವುದಕ್ಕೂ ಉಪ್ಪೇ ಇಲ್ಲ. ನೀನು ಹಾಕುತ್ತೀಯೆಂದು ನಾನು, ನೀವು ಹಾಕುತ್ತೀರೆಂದು ನಾನು ಎಂದು ಇಬ್ಬರೂ ಕೈ ಬಿಗಿಹಿಡಿದು ಸುಮ್ಮನಿದ್ದರಂತೆ. ಅತ್ತೆ ಡಬ್ಬಿ ತರಿಸಿ, ಒಂದು ಚಿಟಿಕೆ ಉದುರಿಸಿಕೊಂಡು, ಎರಡನೇ ಸಲವೂ ಬಡಿಸಿಕೊಂಡರು.